ಮೊರದಲ್ಲಿ ಅಕ್ಕಿ, ಲೋಟದಲ್ಲಿ ಕಾಫಿ: ನಮ್ಮಕ್ಕನಿಗೆ ರಕ್ತ ಕಡಿಮೆಯಾದ ಪ್ರಕರಣ

ಯುಗಾದಿಯ ಹಿಂದಿನ ದಿನ. ಅಕ್ಕ ಹಜಾರದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಕಲ್ಲು ಸಿಕ್ಕರೆ ಬಾಗಿಲಾಚೆ ಎಸೆಯುತ್ತಿದ್ದಳು. ನಡುನಡುವೆ ಒಂದು ಚಿಟಿಕೆ ಅಕ್ಕಿ ಬಾಯಿಗೆ ಹೋಗುತ್ತಿತ್ತು. ಮೊದಲು ನಾನು ಗಮನಿಸಲಿಲ್ಲ. ಹಸಿ ಅಕ್ಕಿ ಬಾಯಾಡಿಸೋದು ನಮ್ಮೂರ ಹೆಂಗಸರಿಗೆ ಹೊಸದೇನಲ್ಲ. ಆದರೆ ಚಿಟಿಕೆ ಹೋಗಿ ಹಿಡಿ ಆಯಿತು. ಕಟಕಟ ಅಂತ ಅಗಿಯುವ ಸದ್ದು ನಿಲ್ಲಲೇ ಇಲ್ಲ.

"ಎಷ್ಟು ತಿಂತೀಯೇ ಅಕ್ಕ?"

"ಏನೋ ಕಣೇ, ನೋಡಿದ್ರೆ ತಡೆಯಕ್ಕಾಗಲ್ಲ. ರಾತ್ರಿ ಎದ್ದು ಡಬ್ಬದಿಂದ ತಿಂತೀನಿ ಅಂದ್ರೆ ನಂಬ್ತೀಯಾ?"

ನಂಬಿದೆ. ಕೈಲಿದ್ದ ಬೆಳ್ಳುಳ್ಳಿ ಬಿಟ್ಟು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದ ಗೋಡೆಯಂತಿತ್ತು.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್. 14 ವರ್ಷದಿಂದ ಕಂಡವರಿಗೆಲ್ಲ ಏನು ತಿನ್ನಬೇಕು ಅಂತ ಹೇಳೋದೇ ನನ್ನ ಕೆಲಸ. ಸ್ವಂತ ಅಕ್ಕ ಹೀಗೆ ಬಿಳಿಚಿಕೊಂಡಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಫೋನಿನಲ್ಲಿ ಮುಖದ ಬಣ್ಣ ಕಾಣಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು, ಅಷ್ಟೇ. ಇದನ್ನು ಬರೆಯೋಕೆ ಅಕ್ಕನೇ ಒಪ್ಪಿದ್ದಾಳೆ. ಹೆಸರು ಬೇಡ ಅಂದಿದ್ದಾಳೆ, ಹಾಕಿಲ್ಲ.

ಅಕ್ಕನಿಗೆ 41 ವರ್ಷ. ತಿಪಟೂರು ಕಡೆಯ ಒಂದು ಹಳ್ಳಿ. ತೆಂಗಿನ ತೋಟ, ಮಳೆ ಬಂದರೆ ರಾಗಿ, ಎರಡು ಹಸು. ಮನೆಯಲ್ಲಿ ಭಾವ, ಅತ್ತೆ, ಕಾಲೇಜಿಗೆ ಹೋಗುವ ಮಗ, ಒಂಬತ್ತನೇ ಕ್ಲಾಸಿನ ಮಗಳು. ಅವಳ ಊಟದ ಬಗ್ಗೆ ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಎರಡು ಹೊತ್ತು ಮುದ್ದೆ. ಹುರುಳಿಕಾಳು ಬಸ್ಸಾರು, ದಂಟಿನ ಸೊಪ್ಪು, ನುಗ್ಗೆಸೊಪ್ಪು, ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪು. ಬೆಂಗಳೂರಿನಲ್ಲಿ ನಾನು ರೋಗಿಗಳಿಗೆ ಚೀಟಿಯಲ್ಲಿ ಬರೆದುಕೊಡುವ ಊಟವೇ ಅವಳ ದಿನದ ಊಟ. ಹಾಗಿದ್ದೂ ರಕ್ತ ಯಾಕೆ ಕಡಿಮೆಯಾಯಿತು ಅನ್ನೋದೇ ಈ ಬರಹ.

ಹೊಸತೊಡಕಿನ ದಿನ

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮನೆಯಲ್ಲಿ ಎರಡು ಕೆಜಿ ಮಟನ್. ಬೆಳಗ್ಗೆಯಿಂದ ಅಕ್ಕ ಒಲೆಯ ಮುಂದೆ. ಮಸಾಲೆ ರುಬ್ಬಿ, ಸಾರು ಕುದಿಸಿ, ಮುದ್ದೆ ತಿರುವಿ ಎದ್ದು ನಿಂತವಳು ಗೋಡೆ ಹಿಡಿದುಕೊಂಡಳು. ಕಣ್ಣು ಕತ್ತಲೆ ಬಂತಂತೆ. "ಹೊಗೆಗೆ" ಅಂದಳು. ಒಲೆ ಗ್ಯಾಸಿನದು.

ಗಂಡಸರು, ನೆಂಟರು, ಮಕ್ಕಳು ಎಲ್ಲರದ್ದೂ ಆಯಿತು. ಕೊನೆಗೆ ನಾವಿಬ್ಬರು ಕೂತೆವು. ಪಾತ್ರೆಯಲ್ಲಿ ಉಳಿದಿದ್ದನ್ನು ಸೌಟಿನಿಂದ ತಡಕಿ ಐದಾರು ತುಂಡು ಹುಡುಕಿ ನನ್ನ ತಟ್ಟೆಗೆ ಹಾಕಿದಳು. ಅವಳ ತಟ್ಟೆಗೆ ಸಾರು, ಒಂದು ಮೂಳೆ, ಎರಡು ಆಲೂಗಡ್ಡೆ. ನಾನು ವಾಪಸ್ ಹಾಕಲು ಹೋದರೆ ತಟ್ಟೆ ಎಳೆದುಕೊಂಡಳು. "ಸಾರಲ್ಲೇ ಎಲ್ಲಾ ಸತ್ವ ಇಳಿದಿರತ್ತೆ ಬುಡು."

ಇಳಿದಿರಲ್ಲ. ಮಾಂಸದಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವ ಬಗೆಯದು. ತಿಂದಿದ್ದರಲ್ಲಿ ಸುಮಾರು 15ರಿಂದ 35% ರಕ್ತಕ್ಕೆ ಸೇರುತ್ತದೆ. ಕಾಳು, ಸೊಪ್ಪು, ಧಾನ್ಯದ ಕಬ್ಬಿಣದಲ್ಲಿ ಸೇರೋದು ಇದರ ಕಾಲು ಭಾಗವೂ ಕಷ್ಟ. ಮಾಂಸದ ಆ ಕಬ್ಬಿಣ ಬಹುಪಾಲು ಇರೋದು ತುಂಡಿನಲ್ಲೇ. ತಿಂಗಳಿಗೆ ಎರಡು ಸಲ ಮಟನ್ ತರುವ ಮನೆಯಲ್ಲಿ ತುಂಡು ಯಾರ ತಟ್ಟೆಗೆ ಬೀಳುತ್ತದೆ ಅನ್ನೋದನ್ನು ಯಾವ ಪೌಷ್ಟಿಕಾಂಶದ ಪಟ್ಟಿಯೂ ಹೇಳಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದಿದ್ದು 2019–20ರಲ್ಲಿ. 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 19.6%. ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರದ್ದು 44.8% ಇತ್ತು, ಅಂದರೆ ಇಳಿದಿಲ್ಲ, ಏರಿದೆ. ಒಂದೇ ಒಲೆ, ಒಂದೇ ಪಾತ್ರೆ. ತಿಂಗಳ ಮುಟ್ಟು, ಬಸಿರು, ಹೆರಿಗೆ ಈ ಅಂತರಕ್ಕೆ ದೊಡ್ಡ ಕಾರಣ ಅನ್ನೋದು ನಿಜ. ಕೊನೆಯಲ್ಲಿ ಉಣ್ಣುವವರು ಯಾರು ಅನ್ನೋದೂ ಒಂದು ಕಾರಣ ಅಂತ ನನಗಂತೂ ಅನ್ನಿಸುತ್ತದೆ.

ಊಟ ಮುಗಿದು ಕೈ ತೊಳೆಯೋದೇ ತಡ, ಅಕ್ಕ ಕಾಫಿಗಿಟ್ಟಳು. ದೊಡ್ಡ ಲೋಟದ ತುಂಬಾ. ದಿನಾ ಎರಡು ಹೊತ್ತಿನ ಊಟದ ಬೆನ್ನಿಗೂ ಹೀಗೇ ಅಂತ ಆಮೇಲೆ ಗೊತ್ತಾಯಿತು. "ಮುದ್ದೆ ಉಂಡ ಮೇಲೆ ಕಾಫಿ ಬೀಳದಿದ್ರೆ ಊಟ ಕೆಳಗೇ ಇಳಿಯಲ್ಲ."

ಡಬ್ಬದಲ್ಲಿ ಸಿಕ್ಕಿದ ಮಾತ್ರೆಗಳು

ರಕ್ತ ಪರೀಕ್ಷೆ ಮಾಡಿಸೋಣ ಅಂದೆ. "ಸಂಕ್ರಾಂತಿ ಹೊತ್ತಿಗೇ ಮಾಡ್ಸಿದ್ದೆ ಕಣೇ" ಅಂದಳು. ನನಗೆ ಹೇಳಿರಲಿಲ್ಲ. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಹಿಮೋಗ್ಲೋಬಿನ್ 8.4 ಬಂದಿತ್ತು. ಬಸಿರಿಯಲ್ಲದ ಹೆಂಗಸಿಗೆ 12 ಇರಬೇಕು. ಅಲ್ಲಿ ಎರಡು ತರಹದ ಮಾತ್ರೆ ಕೊಟ್ಟಿದ್ದರು, ಒಂದು ಕಬ್ಬಿಣದ್ದು, ಒಂದು ಕ್ಯಾಲ್ಸಿಯಂ. ದಿನಾ ಒಂದೊಂದು, ಮೂರು ತಿಂಗಳು. ಜೊತೆಗೆ ಒಂದು ಸಲಹೆ: ಬೀಟ್ರೂಟ್, ದಾಳಿಂಬೆ ಜಾಸ್ತಿ ತಿನ್ನಿ.

ಮಾತ್ರೆ ತಗೊಂಡ್ಯಾ ಅಂತ ಕೇಳಿದೆ. ತಗೊಂಡೆ ಅಂದಳು. ಹೇಗೆ ತಗೊಂಡೆ ಅಂತ ಕೇಳಿದೆ. ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ರಾತ್ರಿ ಊಟ ಆದಮೇಲೆ, ಎರಡೂ ಮಾತ್ರೆ ಒಟ್ಟಿಗೆ, ಒಂದು ಲೋಟ ಹಾಲಿನ ಜೊತೆ. ಯಾಕೆ ಹಾಲು? "ರಕ್ತದ ಮಾತ್ರೆ ಹೀಟು ಅಲ್ವಾ. ಹಾಲು ಕುಡಿದ್ರೆ ತಂಪು." ಮೊದಲ ವಾರ ಹೊಟ್ಟೆ ತೊಳೆಸಿದಂತಾಯಿತಂತೆ. ಎರಡನೇ ವಾರ ಮಲ ಕಪ್ಪಗಾಯಿತು. ಹೊಟ್ಟೆಯೊಳಗೆ ಏನೋ ಆಗಿದೆ ಅಂತ ಹೆದರಿ ನಾಲ್ಕು ದಿನ ಬಿಟ್ಟಳು. ಆಮೇಲೆ ನೆನಪಾದಾಗ ಒಂದೊಂದು. ಅಡುಗೆಮನೆಯ ಮೇಲಿನ ಸಾಲಿನಲ್ಲಿ ಹಳೇ ಬಿಸ್ಕತ್ ಡಬ್ಬ ಇತ್ತು. ತೆಗೆದು ಎಣಿಸಿದೆ. 90 ಮಾತ್ರೆಯಲ್ಲಿ 52 ಹಾಗೇ ಇದ್ದವು.

ಕಬ್ಬಿಣದ ಮಾತ್ರೆ ತಗೊಂಡವರಿಗೆ ಮಲ ಕಪ್ಪಗಾಗೋದು ಸಾಮಾನ್ಯ. ದೇಹ ಹೀರದೆ ಬಿಟ್ಟ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು. ಮಾತ್ರೆ ಕೊಡುವಾಗ ಈ ಒಂದು ವಾಕ್ಯ ಹೇಳಿದ್ದರೆ ಅಕ್ಕ ಹೆದರುತ್ತಿರಲಿಲ್ಲ. ಇನ್ನು ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆ. ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಎರಡೂ ಒಂದೇ ಹೊತ್ತಿಗೆ ಕರುಳಿಗೆ ಬಂದರೆ ಕಬ್ಬಿಣಕ್ಕೆ ದಾರಿ ಕಿರಿದಾಗುತ್ತದೆ. ಹಾಗಾಗಿ ನುಂಗಿದ 38 ಮಾತ್ರೆಗಳದ್ದೂ ಪೂರ್ತಿ ಫಲ ಸಿಕ್ಕಿರಲಿಲ್ಲ.

ಯುಗಾದಿ ಮುಗಿಸಿ ಅವಳನ್ನು ಬೆಂಗಳೂರಿಗೆ ಕರಕೊಂಡು ಬಂದೆ. ಹಸು ಯಾರು ನೋಡ್ತಾರೆ ಅಂತ ಎರಡು ದಿನ ಜಗ್ಗಾಡಿದಳು. ಭಾವನೇ "ಹೋಗ್ಬಾ, ನಾನ್ ಕರೀತೀನಿ" ಅಂದಮೇಲೆ ಹೊರಟಳು.

ಹಿಮೋಗ್ಲೋಬಿನ್ 7.9. ಮೂರು ತಿಂಗಳು "ಮಾತ್ರೆ ತಗೊಂಡ" ಮೇಲೂ ಇಳಿದಿತ್ತು. ಕೆಂಪು ರಕ್ತಕಣದ ಸರಾಸರಿ ಗಾತ್ರ 66, ಇರಬೇಕಾದ್ದು 80ಕ್ಕಿಂತ ಮೇಲೆ. ಅಂದರೆ ಕಣಗಳು ಕುಗ್ಗಿವೆ. ಫೆರಿಟಿನ್ 5. ಫೆರಿಟಿನ್ ಅಂದರೆ ದೇಹದ ಕಬ್ಬಿಣದ ಕಣಜ. 15ಕ್ಕಿಂತ ಕೆಳಗೆ ಬಂದರೆ ಕಣಜ ಬರಿದಾಗಿದೆ ಅಂತ ಅರ್ಥ. ಬಿ12 ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ತಲೆಮಾರಿನಿಂದ ಬರುವ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯ ಸುಳಿವು ಇರಲಿಲ್ಲ. ಇವನ್ನೆಲ್ಲ ನೋಡಲೇಬೇಕು. ರಕ್ತ ಕಡಿಮೆ ಅಂದ ತಕ್ಷಣ ಕಬ್ಬಿಣ ತುರುಕೋದು ಸರಿಯಲ್ಲ, ಯಾಕಂದ್ರೆ ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದ ಬಂದದ್ದಲ್ಲ.

ಹಸಿ ಅಕ್ಕಿಯ ಗೀಳೂ ಇದಕ್ಕೇ ಸೇರಿದ್ದು. ಕಬ್ಬಿಣ ತೀರಾ ಕಡಿಮೆಯಾದಾಗ ಕೆಲವರಿಗೆ ಅಕ್ಕಿ, ಕೆಲವರಿಗೆ ಬಳಪ, ಮಣ್ಣು, ಐಸ್ ಬೇಕು ಅನ್ನಿಸುತ್ತದೆ. ಅಕ್ಕಿಯಲ್ಲಿ ಕಬ್ಬಿಣ ಹೆಚ್ಚೇನೂ ಇಲ್ಲ, ಪಾಲಿಶ್ ಮಾಡಿದ್ದರಲ್ಲಿ 100 ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಬಸಿರಿಯಾಗಿದ್ದಾಗ ಬಳಪ ತಿಂದೆ ಅಂತ ನಗುತ್ತಾ ಹೇಳುವ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ! ಅದನ್ನು ಬಯಕೆ ಅಂತ ತಳ್ಳಿಹಾಕುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಬೇಕು.

ಸೋರಿಕೆ ಎಲ್ಲಿ?

ಹೆಂಗಸರ ಡಾಕ್ಟ್ರು ಮೊದಲು ಕೇಳಿದ್ದು ಊಟದ ಬಗ್ಗೆ ಅಲ್ಲ, ಮುಟ್ಟಿನ ಬಗ್ಗೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಎರಡು ವರ್ಷದಿಂದ ಜಾಸ್ತಿ. ಎಂಟು ದಿನ ಹೋಗುತ್ತದೆ. ಮೊದಲ ಎರಡು ದಿನ ಗಂಟೆ ಗಂಟೆಗೂ ಪ್ಯಾಡ್ ಬದಲಿಸಬೇಕು, ರಾತ್ರಿ ಎರಡು ಸಲ ಏಳಬೇಕು, ಗಡ್ಡೆಗಡ್ಡೆ ಹೋಗುತ್ತದೆ. "ನಮ್ಮ ಅಮ್ಮಂಗೂ ಹಿಂಗೇ ಇತ್ತು, ವಯಸ್ಸಾಗ್ತಾ ಎಲ್ರಿಗೂ ಹಿಂಗೇ ಅಲ್ವಾ ಡಾಕ್ಟ್ರೇ?" ಅಂದಳು. ಅಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗೋದು 30–40 ಮಿಲಿ ರಕ್ತ. 80 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಮೂರು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಕಂಡಿತು. ಅಪಾಯದ್ದಲ್ಲ, ಆದರೆ ರಕ್ತ ಹರಿಸುವಂಥದ್ದು.

ಅವತ್ತು ರಾತ್ರಿ ನನ್ನ ಮನೆಯ ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಕ್ಕ ಕೊಬ್ಬರಿ ಲೆಕ್ಕದಲ್ಲಿ ಪಳಗಿದವಳು, ಕೂಡಿ ಕಳೆಯೋದು ನನಗಿಂತ ಬೇಗ. ಹಾಗಾಗಿ ಇಬ್ಬರೂ ಸೇರಿ ಹಾಕಿದೆವು.

ಮೊದಲು ಬರುವ ಬಾಬ್ತು. ಎರಡು ಹೊತ್ತಿನ ಮುದ್ದೆಗೆ 200 ಗ್ರಾಂ ರಾಗಿ ಹಿಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣ. ಅಲ್ಲಿಗೆ 9ಕ್ಕೆ ಸ್ವಲ್ಪ ಜಾಸ್ತಿ. ಹುರುಳಿ 40 ಗ್ರಾಂ, ಅದರಿಂದ ಮೂರೂವರೆ. ಒಂದು ಕಂತೆ ದಂಟಿನ ಸೊಪ್ಪಿನಲ್ಲಿ ಅವಳ ಪಾಲಿಗೆ 100 ಗ್ರಾಂ ಅಂದುಕೊಂಡರೆ ನಾಲ್ಕೂವರೆ. ಅನ್ನ, ಇತರೆ ಎಲ್ಲ ಸೇರಿ ಒಂದು. ಒಟ್ಟು 18 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಅಂತ ಗೊತ್ತು ಮಾಡಿದೆ, ಗಂಡಸರಿಗೆ 19. ಇಷ್ಟು ಒಳ್ಳೆಯ ಊಟದಲ್ಲೂ 11 ಕಡಿಮೆ.

ತಿಂದಿದ್ದೆಲ್ಲ ರಕ್ತಕ್ಕೆ ಹೋಗಲ್ಲ. ನಮ್ಮ ಧಾನ್ಯ, ಕಾಳಿನ ಊಟದಿಂದ 5ರಿಂದ 8% ಹತ್ತಿದರೆ ಹೆಚ್ಚು. 18 ಮಿಲಿಗ್ರಾಮಿಗೆ ಕೈಗೆ ಸಿಗೋದು ಒಂದರಿಂದ ಒಂದೂವರೆ.

ಈಗ ಹೋಗುವ ಬಾಬ್ತು. ಚರ್ಮ, ಕರುಳಿನ ಜೀವಕೋಶ ಉದುರಿ ಹೋಗುವುದರಲ್ಲೇ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಖರ್ಚು. ಒಂದು ಮಿಲಿ ರಕ್ತದಲ್ಲಿ ಹತ್ತಿರಹತ್ತಿರ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳಿಗೆ 100 ಮಿಲಿ ಹೋದರೆ 50 ಮಿಲಿಗ್ರಾಂ, ದಿನಕ್ಕೆ 1.7. ಒಟ್ಟು ಖರ್ಚು 2.7.

ಅಕ್ಕ ಪೆನ್ನು ಕಿತ್ತುಕೊಂಡು ಕಳೆದಳು. ದಿನಕ್ಕೆ ಒಂದಕ್ಕಿಂತ ಜಾಸ್ತಿ ಸಾಲ. ಎರಡು ವರ್ಷಕ್ಕೆ 700ಕ್ಕೂ ಮೇಲೆ. "ಬಡ್ಡಿ ಇಲ್ವಲ್ಲ, ಸದ್ಯ" ಅಂದಳು.

ಲೆಕ್ಕ ಒರಟು ಅನ್ನೋದು ನನಗೆ ಗೊತ್ತು. ಕಣಜ ಖಾಲಿಯಾದಾಗ ದೇಹ ಮಾಮೂಲಿಗಿಂತ ಜಾಸ್ತಿ ಹೀರಿಕೊಳ್ಳುತ್ತದೆ. ರಕ್ತ ತೆಳ್ಳಗಾದರೆ ಸೋರುವ ಕಬ್ಬಿಣವೂ ಕಡಿಮೆ. ಆದರೂ ಇನ್ನೊಂದು ಕಡೆಯಿಂದ ಹಾಕಿದ ಲೆಕ್ಕ ಇಲ್ಲಿಗೇ ಬಂದು ನಿಂತಿತು. 50 ಕೆಜಿ ತೂಕದ ಹೆಂಗಸಿನ ಮೈಯಲ್ಲಿ ಸುಮಾರು ಮೂರೂಕಾಲು ಲೀಟರ್ ರಕ್ತ. ಹಿಮೋಗ್ಲೋಬಿನ್ 8ರಿಂದ 12ಕ್ಕೆ ಏರಲು 440 ಮಿಲಿಗ್ರಾಂ ಕಬ್ಬಿಣ ಬೇಕು, ಬರಿದಾದ ಕಣಜ ತುಂಬಲು ಇನ್ನೊಂದು 300. ಒಟ್ಟು 740.

ಬೀಟ್ರೂಟಿನ ಸಲಹೆ ಇಲ್ಲೇ ಬಿದ್ದುಹೋಯಿತು. 100 ಗ್ರಾಂ ಬೀಟ್ರೂಟಿನಲ್ಲಿ ಕಬ್ಬಿಣ 0.8 ಮಿಲಿಗ್ರಾಂ, ದಾಳಿಂಬೆಯಲ್ಲಿ ಅದರ ಅರ್ಧವೂ ಇಲ್ಲ. 8% ಹತ್ತುತ್ತದೆ ಅಂತ ಉದಾರವಾಗಿ ಹಿಡಿದರೂ ಆ 740 ಮಿಲಿಗ್ರಾಮಿಗೆ 11 ಕ್ವಿಂಟಾಲಿಗಿಂತ ಜಾಸ್ತಿ ಬೀಟ್ರೂಟ್ ತಿನ್ನಬೇಕು. ಅಕ್ಕ ಬಿದ್ದು ಬಿದ್ದು ನಕ್ಕಳು. "ಒಂದು ಟ್ರ್ಯಾಕ್ಟರ್ ಲೋಡು! ಅಷ್ಟು ಬೆಳೆದ್ರೆ ಮಾರಿ ಇಂಜೆಕ್ಷನ್ ತಗೋಬೋದು." ಕೆಂಪಗಿದ್ದರೆ ರಕ್ತ ಆಗುತ್ತದೆ ಅನ್ನುವ ನಂಬಿಕೆ ನನ್ನ ಆಸ್ಪತ್ರೆಯಲ್ಲೂ ಗಟ್ಟಿಯಾಗಿ ಕೂತಿದೆ. ಬೀಟ್ರೂಟ್ ಒಳ್ಳೆಯ ತರಕಾರಿಯೇ, ತಿನ್ನಿ. ರಕ್ತಕ್ಕಾಗಿ ಅಂತ ಜ್ಯೂಸ್ ಅಂಗಡಿಗೆ ದುಡ್ಡು ಸುರಿಯಬೇಡಿ, ಅಷ್ಟೇ.

ಇಷ್ಟು ದೊಡ್ಡ ಸಾಲವನ್ನು ರಾಗಿ, ಸೊಪ್ಪಿನಿಂದಲೂ ತೀರಿಸಲು ಆಗಲ್ಲ. ಇದನ್ನು ಡಯಟಿಷಿಯನ್ ಆದ ನಾನೇ ಹೇಳುತ್ತಿದ್ದೇನೆ. ಊಟ ಇರೋದು ಹೊಸ ಸಾಲ ಆಗದ ಹಾಗೆ ನೋಡಿಕೊಳ್ಳೋಕೆ. ಹಳೇ ಸಾಲಕ್ಕೆ ಮಾತ್ರೆಯೇ ಬೇಕು, ಸೋರಿಕೆಗೆ ಡಾಕ್ಟ್ರೇ ಬೇಕು.

ರಾಗಿ ಮೋಸ ಮಾಡಿತೇ?

ಅಕ್ಕನಿಗೆ ಬೇಜಾರಾಗಿದ್ದು ರಾಗಿಯ ವಿಷಯಕ್ಕೆ. "ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟ ಅಂತ ಹೇಳ್ಕೊಂಡು ಬಂದ್ವಲ್ಲೇ" ಅಂದಳು.

ರಾಗಿಯ ದೊಡ್ಡ ಗುಣ ಕ್ಯಾಲ್ಸಿಯಂ. 100 ಗ್ರಾಂಗೆ 364 ಮಿಲಿಗ್ರಾಂ, ಬೇರಾವ ದಿನಬಳಕೆಯ ಧಾನ್ಯವೂ ಇದರ ಹತ್ತಿರಕ್ಕೆ ಬರಲ್ಲ. ಕಬ್ಬಿಣವೂ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಅದರ ಹೊಟ್ಟಿನಲ್ಲಿ ಫೈಟೇಟ್, ಟ್ಯಾನಿನ್ ಅಂತ ಎರಡು ವಸ್ತುಗಳಿವೆ, ಅವು ಕಬ್ಬಿಣವನ್ನು ಹಿಡಿದುಕೊಂಡು ಬಿಡಲ್ಲ. ಇದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇತ್ತು. ರಾಗಿ ಅಂಬಲಿ ರಾತ್ರಿಯೆಲ್ಲಾ ಹುಳಿ ಬಂದರೆ ಫೈಟೇಟ್ ಕಡಿಮೆಯಾಗುತ್ತದೆ. ರಾಗಿ, ಹುರುಳಿ ಮೊಳಕೆ ಕಟ್ಟಿದರೂ ಅಷ್ಟೇ. ನಮ್ಮಜ್ಜಿ ಬೇಸಿಗೆಯಲ್ಲಿ ದಿನಾ ಅಂಬಲಿ ಮಾಡುತ್ತಿದ್ದಳು. ಅಕ್ಕನ ಮನೆಯಲ್ಲಿ ಆ ಜಾಗಕ್ಕೆ ಬಂದು ಕೂತದ್ದು ಕಾಫಿ.

ಕಾಫಿ, ಟೀಯಲ್ಲಿರುವ ಒಗರಿನ ಅಂಶವೂ ಇದೇ ಕೆಲಸ ಮಾಡುತ್ತದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹ್ಯಾಂಬರ್ಗರ್ ಊಟದ ಜೊತೆ ಒಂದು ಕಪ್ ಕಾಫಿ ಕೊಟ್ಟು ನೋಡಿದರು. ಕಬ್ಬಿಣ ಹೀರುವುದು 39% ಕಡಿಮೆಯಾಯಿತು. ಟೀ ಕೊಟ್ಟಾಗ 64%. ಹ್ಯಾಂಬರ್ಗರಿಗೂ ನಮ್ಮ ಮುದ್ದೆಗೂ ಎಲ್ಲಿಯ ನೆಂಟಸ್ತಿಕೆ ಅಂತ ನೀವು ಕೇಳಬಹುದು. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ತೊಂದರೆ ಆಗಲಿಲ್ಲ. ಊಟ ಆಗಿ ಒಂದು ಗಂಟೆಯ ನಂತರ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಹಾಳು ಮಾಡಿತು. ಅಕ್ಕನ ಕಾಫಿ ಬೀಳುತ್ತಿದ್ದದ್ದು ಕೈ ತೊಳೆದ ಐದು ನಿಮಿಷಕ್ಕೆ.

ಬಸ್ಸಾರಿನ ಬಗ್ಗೆ ಒಂದು ಮೆಚ್ಚುಗೆ ಹೇಳಿಬಿಡುತ್ತೇನೆ. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿನಿಂದಲೇ ಸಾರು ಮಾಡುವ ಬುದ್ಧಿ ಯಾರದ್ದೋ ಏನೋ. ಫೋಲೇಟ್‌ನಂಥ ಬಿ ಗುಂಪಿನ ವಿಟಮಿನ್‌ಗಳು ನೀರಿಗೆ ಇಳಿಯುತ್ತವೆ, ಆ ನೀರು ಚೆಲ್ಲಿದರೆ ಹೋಯಿತು. ಬಸ್ಸಾರಿನಲ್ಲಿ ಹೋಗಲ್ಲ. ವಿಟಮಿನ್ ಸಿ ಮಾತ್ರ ಆ ಕುದಿತದಲ್ಲಿ ಬಹಳಷ್ಟು ಹಾಳಾಗುತ್ತದೆ. ಫೈಟೇಟಿನ ಹಿಡಿತದಿಂದ ಕಬ್ಬಿಣವನ್ನು ಬಿಡಿಸಲು ಬೇಕಾದ್ದು ಅದೇ. ಹಾಗಾಗಿ ನಿಂಬೆಹಣ್ಣು ಹಿಂಡಬೇಕಾದ್ದು ಒಲೆಯ ಮೇಲಲ್ಲ, ತಟ್ಟೆಯಲ್ಲಿ.

ಬದಲಾಯಿಸಿದ್ದು ಏನೇನು

ಡಾಕ್ಟ್ರು ಮುಟ್ಟಿನ ದಿನಗಳಲ್ಲಿ ರಕ್ತ ಹಿಡಿಯಲು ಮಾತ್ರೆ ಕೊಟ್ಟರು. ಪೇಟೆಯ ಕ್ಲಿನಿಕ್ಕಿನಲ್ಲಿ "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದಿದ್ದರಂತೆ, ಸ್ಕ್ಯಾನ್ ಕೂಡ ಮಾಡಿಸದೆ. ಇವರು, ಈ ಗಾತ್ರದ ಗಡ್ಡೆಗೆ ಈಗಲೇ ಕತ್ತರಿ ಬೇಡ, ಆರು ತಿಂಗಳಿಗೊಮ್ಮೆ ನೋಡೋಣ ಅಂದರು. ಜಂತುಹುಳಕ್ಕೆ ಒಂದು ಮಾತ್ರೆ. 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಬೆಳಗ್ಗೆ ಬರಿಹೊಟ್ಟೆಯಲ್ಲಿ, ನಿಂಬೆ ನೀರಿನ ಜೊತೆ, ಆಮೇಲೆ ಒಂದು ಗಂಟೆ ಏನೂ ಬೇಡ. ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದರು. ಎರಡು ಹೊತ್ತು ಮುದ್ದೆ, ಮನೆಯಲ್ಲೇ ಹಾಲು ಇರುವವಳಿಗೆ ಅದರ ಅಗತ್ಯವೇ ಇರಲಿಲ್ಲ.

ಮೂರನೇ ವಾರ ಮತ್ತೆ ವಾಕರಿಕೆ. ಫೋನ್ ಮಾಡಿ ಕೇಳಿದಾಗ ಡಾಕ್ಟ್ರು ದಿನ ಬಿಟ್ಟು ದಿನ ತಗೊಳ್ಳಿ ಅಂದರು. ಅಕ್ಕನಿಗೆ ಅನುಮಾನ, ಅರ್ಧ ಔಷಧಿಗೆ ಪೂರ್ತಿ ಗುಣ ಹೇಗೆ ಬರತ್ತೆ ಅಂತ. ಒಂದು ಮಾತ್ರೆ ನುಂಗಿದರೆ ದೇಹ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಏರಿಸಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ಮಾರನೆಯ ದಿನದ ಮಾತ್ರೆ ಆ ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಬ್ಬಿಣ ಕಡಿಮೆಯಿದ್ದ ಹೆಂಗಸರ ಮೇಲೆ ಸ್ವಿಟ್ಜರ್‌ಲೆಂಡಿನಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಕೊಟ್ಟಾಗ ಪ್ರತಿ ಮಾತ್ರೆಯ 16.3% ಹತ್ತಿತು, ದಿನ ಬಿಟ್ಟು ದಿನ ಕೊಟ್ಟಾಗ 21.8%. ನಿಮಗೆ ಯಾವುದು ಸರಿ ಅನ್ನೋದನ್ನು ನಿಮ್ಮ ಡಾಕ್ಟ್ರೇ ಹೇಳಬೇಕು.

ಊಟದಲ್ಲಿ ಬದಲಾದದ್ದು ತೀರಾ ಕಡಿಮೆ. ಮುದ್ದೆ ಹಾಗೇ ಉಳಿಯಿತು. ಹುರುಳಿಯನ್ನು ಮೊಳಕೆ ಕಟ್ಟಿ ಬಸ್ಸಾರು. ತಟ್ಟೆಗೆ ಅರ್ಧ ನಿಂಬೆಹಣ್ಣು, ಇಲ್ಲದ ದಿನ ಹಿತ್ತಲಿನ ಸೀಬೆಹಣ್ಣು. 100 ಗ್ರಾಂ ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ 250 ಮಿಲಿಗ್ರಾಂ, ಸೀಬೆಯಲ್ಲಿ 200ಕ್ಕೂ ಮೇಲೆ, ಎರಡೂ ಕಿತ್ತಳೆಗಿಂತ ಎಷ್ಟೋ ಮುಂದೆ. ಪಲ್ಯಕ್ಕೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಬ್ಬಿಣದ ಬಾಣಲೆ ಕೆಳಗಿಳಿಯಿತು. ಹುಳಿ ಹಾಕಿದ ಅಡುಗೆಗೆ ಬಾಣಲೆಯ ಕಬ್ಬಿಣ ಸ್ವಲ್ಪ ಇಳಿಯುತ್ತದೆ. ನಾನ್‌ಸ್ಟಿಕ್ ಬಂದಮೇಲೆ ನಾವು ಕಳಕೊಂಡದ್ದು ಅದು.

ಕಷ್ಟವಾದದ್ದು ಎರಡೇ. ಒಂದು, ಕಾಫಿ. ಅದನ್ನು ಬಿಡು ಅಂದಿದ್ದರೆ ಅಕ್ಕ ನನ್ನನ್ನೇ ಬಿಡುತ್ತಿದ್ದಳು. ಹನ್ನೊಂದು ಗಂಟೆಗೊಂದು, ನಾಲ್ಕು ಗಂಟೆಗೊಂದು ಅಂತ ಒಪ್ಪಂದವಾಯಿತು. ಮೊದಲ ವಾರ ಊಟ ಆದಮೇಲೆ ಸುಮ್ನೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳಂತೆ, ಏನೋ ಕಳೆದುಹೋದವರ ಹಾಗೆ. ಆಮೇಲೆ ಆ ಹೊತ್ತಿಗೆ ಒಂದು ಚೂರು ಉಪ್ಪು ನೆಲ್ಲಿಕಾಯಿ ಬಾಯಿಗೆ ಹಾಕಿಕೊಳ್ಳೋದು ರೂಢಿಯಾಯಿತು.

ಇನ್ನೊಂದು, ಮಟನ್ ತುಂಡು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ, ಭಾವನಿಗೆ ಹೇಳಿದೆ. ಲೆಕ್ಕದ ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಸಾರು ಇಳಿಸಿದ ತಕ್ಷಣ ಒಂದು ಬಟ್ಟಲಲ್ಲಿ ಅಕ್ಕನ ಪಾಲು ತೆಗೆದು ಮುಚ್ಚಿಟ್ಟರಂತೆ. ಅತ್ತೆ ನೋಡಿ, "ಇದೇನ್ ಹೊಸ ಪದ್ಧತಿ" ಅಂದರಂತೆ. "ಔಸ್ದಿ ಕಣವ್ವಾ" ಅಂದರಂತೆ ಭಾವ.

ಅಂಕಿಗಳು

ಹಸಿ ಅಕ್ಕಿಯ ಗೀಳು ಎರಡನೇ ವಾರಕ್ಕೇ ನಿಂತಿತು. ಆಗಿನ್ನೂ ಹಿಮೋಗ್ಲೋಬಿನ್ ಅಷ್ಟೇನೂ ಏರಿರಲಿಕ್ಕಿಲ್ಲ. ಕಬ್ಬಿಣ ಒಳಗೆ ಹೋಗಲು ಶುರುವಾದರೆ ಮೊದಲು ಹೋಗೋದು ಈ ಬಯಕೆಯೇ. "ಮೊರ ಮುಂದಿದ್ರೂ ಬಾಯಿಗೆ ಹಾಕ್ಬೇಕು ಅನ್ಸಲ್ಲ ಕಣೇ, ಯಾರೋ ಮಂತ್ರ ಹಾಕ್ದಂಗೆ" ಅಂತ ಫೋನ್ ಮಾಡಿದ್ದಳು.

ಆರು ವಾರಕ್ಕೆ 9.6. ಮೂರು ತಿಂಗಳಿಗೆ 11.3. ಗೌರಿ ಹಬ್ಬದ ಹೊತ್ತಿಗೆ 12.2. ಮಾತ್ರೆ ಅಲ್ಲಿಗೇ ನಿಲ್ಲಿಸಲಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕಣಜ ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು, ಬಹಳ ಜನ ಎಡವೋದು ಇಲ್ಲೇ. ಅವಳ ಫೆರಿಟಿನ್ ಕಾರ್ತೀಕದ ಕೊನೆಗೆ 36ಕ್ಕೆ ಬಂತು. ಮುಟ್ಟು ಈಗ ಐದು ದಿನ.

ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ನಮ್ಮಣ್ಣನ ಜೊತೆ ನಾನೂ ಹೋಗಿದ್ದೆ. ಅಕ್ಕನ ಮಗಳು ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಮುಖ ಯಾಕೋ ಸಪ್ಪೆ ಕಂಡಿತು. ರೆಪ್ಪೆ ಎಳೆದು ನೋಡಿದೆ. ಅಮ್ಮನದ್ದರಷ್ಟಲ್ಲ, ಆದರೂ ಕೆಂಪಿರಲಿಲ್ಲ.

"ಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡಲ್ವೇನೇ?"

"ಕೊಡ್ತಾರೆ ಚಿಕ್ಕಿ."

"ತಗೋತೀಯಾ?"

ಅವಳು ಅಮ್ಮನ ಕಡೆ ನೋಡಿದಳು. ಆಮೇಲೆ ಜಾಮಿಟ್ರಿ ಬಾಕ್ಸ್ ತೆಗೆದು ನನ್ನ ಮುಂದೆ ತಳ್ಳಿದಳು. ಕೈವಾರದ ಕೆಳಗೆ, ಕಾಗದದಲ್ಲಿ ಸುತ್ತಿ, ಏಳು ನೀಲಿ ಮಾತ್ರೆ.

"ಹೀಟಂತೆ" ಅಂದಳು.